ಆಪ್ತವಾಕ್ಯ

ಎರಡು ವರ್ಷದ ಹಿಂದೆ ಫೆಬ್ರವರಿಯ ಒಂದು ರಾತ್ರಿ, ಎರಡು ಗಂಟೆಯ ಹೊತ್ತಿಗೆ ನನಗೆ ಎಚ್ಚರವಾಯಿತು. ಪಕ್ಕದ ಮಂಚದಲ್ಲಿ ನನ್ನ ಚಿಕ್ಕಮ್ಮನ ಮಗಳು ಕುಳಿತೇ ಇದ್ದಳು. ತೊಡೆಯ ಮೇಲೆ ಎರಡು ದಿಂಬು ಪೇರಿಸಿಕೊಂಡು, ಅದರ ಮೇಲೆ ಮುಂಗೈ ಊರಿ, ಮುಂದಕ್ಕೆ ಬಾಗಿದ್ದಳು. ಆಗ ನಾವಿಬ್ಬರೂ ಮೈಸೂರಿನಲ್ಲಿ ಒಂದೇ ಬಾಡಿಗೆ ಕೋಣೆಯಲ್ಲಿದ್ದೆವು. ಅವಳದು ಎಂ.ಕಾಂ. ಎರಡನೆಯ ವರ್ಷ, ನನ್ನದು ಪಿಎಚ್.ಡಿ.ಯ ಮೂರನೆಯ ವರ್ಷ.

"ಯಾಕೆ ಮಲಗಿಲ್ಲ?" ಎಂದೆ.

"ಮಲಗಿದ್ರೆ ಎದೆ ಚುಚ್ಚುತ್ತೆ ಅಕ್ಕ. ಉಸಿರು ಜೋರಾಗಿ ಎಳ್ಕೊಂಡ್ರೂ ಚುಚ್ಚುತ್ತೆ. ಹೀಗೆ ಬಗ್ಗಿ ಕೂತ್ರೆ ಸ್ವಲ್ಪ ವಾಸಿ."

"ಗ್ಯಾಸ್ ಇರ್ಬೇಕು ಕಣೇ. ಸಾಯಂಕಾಲ ಬೋಂಡ ತಿಂದ್ಯಲ್ಲ. ಓಮದ ನೀರು ಕುಡಿದು ಮಲಗು."

ಆ ಓಮದ ನೀರನ್ನೂ ನಾನು ಎದ್ದು ಕಾಯಿಸಿ ಕೊಡಲಿಲ್ಲ. ಮಗ್ಗಲು ಬದಲಿಸಿ ಮಲಗಿದೆ. ಅವಳು ಇನ್ನೂ ಮೂರು ರಾತ್ರಿ ಹಾಗೆಯೇ ಕುಳಿತು ಕಳೆದಳು. ಎರಡನೆಯ ರಾತ್ರಿಯಿಂದ ನನ್ನನ್ನು ಎಬ್ಬಿಸಲಿಲ್ಲ, ಏನೂ ಹೇಳಲೂ ಇಲ್ಲ.

ನನ್ನ ಸಂಶೋಧನೆಯ ವಿಷಯ ಶಬ್ದಪ್ರಮಾಣ. ಒಬ್ಬರು ಆಡಿದ ಮಾತಿನಿಂದ ಇನ್ನೊಬ್ಬರಿಗೆ ಜ್ಞಾನ ಹುಟ್ಟುತ್ತದೆಯೇ, ಹುಟ್ಟುವುದಾದರೆ ಯಾರ ಮಾತಿನಿಂದ, ಯಾವಾಗ ಎನ್ನುವ ಪ್ರಶ್ನೆ ಅದು. ನಮ್ಮ ತರ್ಕಶಾಸ್ತ್ರದ ಪಂಡಿತರು ಇದನ್ನು ಶತಮಾನಗಳ ಕಾಲ ಚರ್ಚಿಸಿದ್ದಾರೆ. ಮೂರು ವರ್ಷ ಅದನ್ನೇ ಓದಿ, ಟಿಪ್ಪಣಿ ಮಾಡಿ, ಸೆಮಿನಾರುಗಳಲ್ಲಿ ಮಾತನಾಡಿದ ನನಗೆ, ಎರಡು ಅಡಿ ದೂರದಲ್ಲಿ ಕುಳಿತವಳು ಆಡಿದ ಮೂರು ವಾಕ್ಯಗಳು ಮಾತಾಗಿ ಕೇಳಿಸಲಿಲ್ಲ. ಯಾಕೆ ಎಂದು ಕೇಳಿಕೊಳ್ಳುವುದು ಈ ಬರಹದ ಉದ್ದೇಶ. ಇದನ್ನು ಅವಳಿಗೆ ಮೊದಲೇ ಓದಿಸಿದ್ದೇನೆ. ಬರಿ, ಹೆಸರು ಮಾತ್ರ ಬೇಡ ಎಂದಳು. ಹಾಗಾಗಿ ಇಲ್ಲಿ ಅವಳು 'ತಂಗಿ' ಅಷ್ಟೆ.

ಐದನೆಯ ದಿನ ಜ್ವರ ಬಂತು. ಹತ್ತಿರದ ಒಂದು ಆಸ್ಪತ್ರೆಗೆ ಹೋದೆವು. ಡ್ಯೂಟಿಯಲ್ಲಿದ್ದ ಡಾಕ್ಟರು ವಯಸ್ಸು ಕೇಳಿದರು. 22 ಎಂದಾಗ ಅವರ ಮುಖ ಸಡಿಲಾಯಿತು. ಪರೀಕ್ಷೆ ಹತ್ತಿರ ಬಂತೇ ಎಂದು ಕೇಳಿದರು. ಬಂದಿತ್ತು. ಟೆನ್ಷನ್, ಆ್ಯಸಿಡಿಟಿ ಎಂದು ಮಾತ್ರೆ ಬರೆದುಕೊಟ್ಟರು. ನನಗೂ ಅದೇ ಬೇಕಾಗಿತ್ತು. ನಾನು ಹೇಳಿದ್ದೇ ನಿಜವಾಯಿತಲ್ಲ ಎಂಬ ಸಣ್ಣ ಸಮಾಧಾನವೂ ಆಯಿತು ಎಂದು ಒಪ್ಪಿಕೊಳ್ಳಬೇಕು. ಇನ್ನೆರಡು ದಿನಕ್ಕೆ ಮೆಟ್ಟಿಲು ಹತ್ತುವಾಗ ಅವಳಿಗೆ ಏದುಸಿರು ಬಂತು. ಈ ಸಲ ಬೇರೆ ಕಡೆ ಹೋದೆವು. ಅಲ್ಲಿನ ಹಿರಿಯ ಡಾಕ್ಟರಮ್ಮ ವಯಸ್ಸಿಗಿಂತ ಮೊದಲು ಇನ್ನೊಂದು ಪ್ರಶ್ನೆ ಕೇಳಿದರು: "ಮಲಗಿದಾಗ ಜಾಸ್ತಿಯಾಗಿ, ಮುಂದಕ್ಕೆ ಬಗ್ಗಿದಾಗ ಕಮ್ಮಿಯಾಗುತ್ತಾ?"

ತಂಗಿ ನನ್ನ ಮುಖ ನೋಡಿದಳು. ಅವಳು ನನಗೆ ಹೇಳಿದ ವಾಕ್ಯವೇ ಪ್ರಶ್ನೆಯಾಗಿ ಮರಳಿ ಬಂದಿತ್ತು.

ಎಕೋ ಮಾಡಿದರು. ಹೃದಯದ ಸುತ್ತ ನೀರು ತುಂಬಿಕೊಂಡಿತ್ತು. ಅಲ್ಲಿಂದ ಮುಂದೆ ಡಾಕ್ಟರಮ್ಮ ಹಿಂದಿನ ಒಂದು ವರ್ಷದ ಕತೆಯನ್ನು ಬಿಡಿಸಿ ಬಿಡಿಸಿ ಕೇಳಿದರು. ಬೆಳಿಗ್ಗೆ ಬೆರಳುಗಳು ಮಡಚಲಾಗದಷ್ಟು ಬಿಗಿಯುತ್ತಿದ್ದವು. ಮೊಬೈಲ್ ಜಾಸ್ತಿ ಹಿಡಿಯುತ್ತೀಯ ಎಂದಿದ್ದೆವು. ಕೂದಲು ಉದುರುತ್ತಿತ್ತು, ನೀರು ಬದಲಾಗಿದೆ ಎಂದಿದ್ದೆವು. ಬಿಸಿಲಿಗೆ ಹೋದರೆ ಕೆನ್ನೆ ಕೆಂಪಾಗುತ್ತಿತ್ತು. ಯಾವುದೋ ಕ್ರೀಮು ಆಗಿಬಂದಿಲ್ಲ ಎಂದಿದ್ದೆವು. ಸಂಜೆಯಾದರೆ ಸುಸ್ತು, ಸರಿಯಾಗಿ ತಿನ್ನುವುದಿಲ್ಲ ಎಂದಿದ್ದೆವು. ಪ್ರತಿಯೊಂದಕ್ಕೂ ನಮ್ಮ ಮನೆಯಲ್ಲಿ ಒಂದು ಉತ್ತರ ತಯಾರಿತ್ತು. ರಕ್ತಪರೀಕ್ಷೆಗಳು ಬಂದ ಮೇಲೆ ಎಲ್ಲದಕ್ಕೂ ಒಂದೇ ಉತ್ತರ ಸಿಕ್ಕಿತು: ಲೂಪಸ್.

ಲ್ಯಾಟಿನ್ ಭಾಷೆಯಲ್ಲಿ ಲೂಪಸ್ ಎಂದರೆ ತೋಳ. ಚರ್ಮವನ್ನು ಕಚ್ಚಿ ತಿಂದಂತೆ ಕಾಣುವ ಗಾಯಗಳಿಗೆ ಮಧ್ಯಯುಗದ ಯುರೋಪಿನಲ್ಲಿ ಬಳಕೆಗೆ ಬಂದ ಹೆಸರು ಅದು. ಆದರೆ ಈ ತೋಳ ಹೊರಗಿನಿಂದ ಬರುವುದಿಲ್ಲ. ರೋಗಾಣುಗಳ ಮೇಲೆ ಬೀಳಬೇಕಾದ ನಮ್ಮ ರಕ್ಷಣಾ ವ್ಯವಸ್ಥೆ ನಮ್ಮದೇ ಜೀವಕೋಶಗಳನ್ನು ಪರಕೀಯವೆಂದು ತಿಳಿದು ಅವುಗಳ ವಿರುದ್ಧ ಪ್ರತಿಕಾಯಗಳನ್ನು ತಯಾರಿಸುತ್ತದೆ. ಈ ಕಾಯಿಲೆ ಬರುವ ಹತ್ತು ಜನ ವಯಸ್ಕರಲ್ಲಿ ಸುಮಾರು ಒಂಬತ್ತು ಮಂದಿ ಹೆಂಗಸರು. ಹೆಚ್ಚಿನವರಿಗೆ ಅದು ಕಾಣಿಸಿಕೊಳ್ಳುವುದು ಹದಿನೈದರಿಂದ ನಲವತ್ತೈದರೊಳಗೆ, ಅಂದರೆ ಓದು, ಕೆಲಸ, ಮದುವೆ, ಮಕ್ಕಳು ಎಂದು ಬದುಕು ತೆರೆದುಕೊಳ್ಳುವ ಕಾಲದಲ್ಲಿ. ಕೀಲು, ಚರ್ಮ, ಮೂತ್ರಪಿಂಡಗಳನ್ನು ಅದು ಕಾಡುವುದು ಹಲವರಿಗೆ ಗೊತ್ತು. ಹೃದಯವನ್ನೂ ಕಾಡುತ್ತದೆ ಎನ್ನುವುದು ನನಗೆ ಗೊತ್ತಿರಲಿಲ್ಲ.

ಹೃದಯದ ಯಾವ ಪದರವನ್ನೂ ಅದು ಬಿಡುವುದಿಲ್ಲ. ಹೊರಗಿನ ಪೊರೆ ಉರಿಗೊಂಡು ಊದಿದರೆ ಅದು ಪೆರಿಕಾರ್ಡೈಟಿಸ್. ಲೂಪಸ್ ಇರುವವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಒಂದಲ್ಲ ಒಂದು ಕಾಲದಲ್ಲಿ ಇದು ತೊಂದರೆ ಕೊಡುತ್ತದೆ. ಮಲಗಿದಾಗ, ಆಳವಾಗಿ ಉಸಿರೆಳೆದಾಗ ಚುಚ್ಚುವುದು, ಮುಂದಕ್ಕೆ ಬಾಗಿದಾಗ ಹಗುರಾಗುವುದು ಅದರ ಗುರುತು. ಪೊರೆಯೊಳಗೆ ನೀರು ಬೇಗ ತುಂಬಿದರೆ ಹೃದಯಕ್ಕೆ ಅರಳಲು ಜಾಗವಿಲ್ಲದೆ ಜೀವಕ್ಕೇ ಅಪಾಯ; ಅಷ್ಟಾಗುವುದು ಅಪರೂಪ. ನಡುವಿನ ಸ್ನಾಯುವೇ ಊದಿದರೆ ಮಯೋಕಾರ್ಡೈಟಿಸ್. ಅದು ಕಡಿಮೆ ಜನರಿಗೆ ಬರುತ್ತದೆ, ಬಂದರೆ ಹೃದಯದ ಬಲವನ್ನೇ ಕುಗ್ಗಿಸಬಹುದು. ಒಳಗಿನ ಕವಾಟಗಳ ಮೇಲೆ ನರುಲಿಗಳಂಥ ಸಣ್ಣ ಗಂಟುಗಳು ಬೆಳೆಯುವುದನ್ನು ನ್ಯೂಯಾರ್ಕಿನ ಮೌಂಟ್ ಸೈನಾಯ್ ಆಸ್ಪತ್ರೆಯ ಇಮಾನುಯೆಲ್ ಲಿಬ್ಮನ್ ಮತ್ತು ಬೆಂಜಮಿನ್ ಸ್ಯಾಕ್ಸ್ 1924ರಲ್ಲಿ ನಾಲ್ವರು ರೋಗಿಗಳಲ್ಲಿ ಗುರುತಿಸಿ ಬರೆದರು. ಆ ಗಂಟುಗಳಲ್ಲಿ ಸೋಂಕು ಇರಲಿಲ್ಲ. ಅದಕ್ಕೂ ಲೂಪಸ್‌ಗೂ ಇರುವ ನಂಟು ಸ್ಪಷ್ಟವಾದದ್ದು ಆಮೇಲೆ. ಅಂಥ ಗಂಟಿನ ಚೂರು ಕಳಚಿ ಮಿದುಳಿಗೆ ಹೋದರೆ ಚಿಕ್ಕ ವಯಸ್ಸಿನಲ್ಲೇ ಪಾರ್ಶ್ವವಾಯು ಬಡಿಯಬಹುದು.

ತಂಗಿಗೆ ಆಗಿದ್ದು ಮೊದಲನೆಯದು. ಔಷಧಿಗೆ ನೀರು ಇಳಿಯಿತು. ಹತ್ತು ದಿನಕ್ಕೆ ಮನೆಗೆ ಬಂದಳು. ಇದು ಕಾಯಿಲೆಯ ಕತೆ. ನನ್ನ ಪ್ರಶ್ನೆ ಇರುವುದು ಅದಕ್ಕೂ ಹಿಂದಿನ ನಾಲ್ಕು ರಾತ್ರಿಗಳಲ್ಲಿ.

ನ್ಯಾಯದರ್ಶನ ಒಪ್ಪುವ ನಾಲ್ಕು ಪ್ರಮಾಣಗಳಲ್ಲಿ ಶಬ್ದವೂ ಒಂದು. ಆದರೆ ಎಲ್ಲರ ಮಾತೂ ಪ್ರಮಾಣವಲ್ಲ, ಆಪ್ತನ ಮಾತು ಮಾತ್ರ. ಆಪ್ತ ಯಾರು? ನ್ಯಾಯಸೂತ್ರಗಳಿಗೆ ಭಾಷ್ಯ ಬರೆದ ವಾತ್ಸ್ಯಾಯನನ ಪ್ರಕಾರ (ಕಾಮಸೂತ್ರದವನಲ್ಲ, ಇವನು ಬೇರೆ) ವಿಷಯವನ್ನು ನೇರವಾಗಿ ಕಂಡುಂಡವನು, ಕಂಡದ್ದನ್ನು ಕಂಡಂತೆ ತಿಳಿಸಬೇಕೆಂಬ ಇಚ್ಛೆಯಿಂದ ಮಾತಾಡುವವನು ಆಪ್ತ. ಅವನು ಅಲ್ಲಿಗೇ ನಿಲ್ಲುವುದಿಲ್ಲ. ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನ ಎನ್ನುತ್ತಾನೆ. ಅಂದರೆ ಆಪ್ತತ್ವ ಎನ್ನುವುದು ಕುಲದಿಂದಲೋ ಪದವಿಯಿಂದಲೋ ಬರುವುದಲ್ಲ. ಯಾರಿಗೆ ವಿಷಯ ಗೊತ್ತೋ, ಯಾರಿಗೆ ಮೋಸ ಮಾಡುವ ಉದ್ದೇಶವಿಲ್ಲವೋ, ಆ ವಿಷಯದ ಮಟ್ಟಿಗೆ ಅವರು ಆಪ್ತರು. ಅಷ್ಟು ಹಿಂದೆ ಇಷ್ಟು ಉದಾರವಾಗಿ ಯೋಚಿಸಿದ್ದಾರೆ ಎಂದು ಸೆಮಿನಾರುಗಳಲ್ಲಿ ನಾನು ಹೆಮ್ಮೆಯಿಂದ ಹೇಳುತ್ತಿದ್ದೆ.

ತನ್ನ ಎದೆ ಚುಚ್ಚುತ್ತದೆ ಎಂಬ ವಿಷಯಕ್ಕೆ ತಂಗಿಗಿಂತ ದೊಡ್ಡ ಆಪ್ತಳು ಬೇರೆ ಯಾರಿದ್ದರು? ನೇರವಾಗಿ ಅನುಭವಿಸಿದವಳು ಅವಳು. ಸುಳ್ಳು ಹೇಳುವ ಕಾರಣ ಒಂದೂ ಇರಲಿಲ್ಲ. ಆದರೂ ಅವಳ ಮಾತಿನ ಬೆಲೆಯನ್ನು ನಾನು ಇಳಿಸಿದೆ. ಕಾರಣಗಳನ್ನು ಹುಡುಕಿದರೆ ಮೂರು ಸಿಗುತ್ತವೆ. ಒಂದು, ಅವಳ ವಯಸ್ಸು. ಎದೆನೋವು ಅಂದರೆ ನಮ್ಮ ಮನಸ್ಸಿಗೆ ಬರುವುದು ಐವತ್ತು ದಾಟಿದ ಗಂಡಸು. ಎರಡು, ಅವಳು ಚೆನ್ನಾಗಿ ಕಾಣುತ್ತಿದ್ದಳು. ಕೆನ್ನೆಯ ಕೆಂಪು ಕೂಡ ನಮಗೆ ಆರೋಗ್ಯದ ಕಳೆಯಂತೆ ಕಂಡಿತ್ತು. ಮೂರು, ಅವಳು ಹುಡುಗಿ, ಮೇಲಾಗಿ ಪರೀಕ್ಷೆ ಹತ್ತಿರವಿದ್ದ ಹುಡುಗಿ. ಹೆಣ್ಣುಮಕ್ಕಳ ದೇಹದ ದೂರುಗಳನ್ನು ಮನಸ್ಸಿನ ಲೆಕ್ಕಕ್ಕೆ ಬರೆದು ಕೈತೊಳೆದುಕೊಳ್ಳುವ ಅಭ್ಯಾಸ ನಾನೂ ಹೆಣ್ಣಾದ ಮಾತ್ರಕ್ಕೆ ನನ್ನಲ್ಲಿ ಇಲ್ಲದಿರಲಿಲ್ಲ. ಬ್ರಿಟಿಷ್ ತತ್ತ್ವಶಾಸ್ತ್ರಜ್ಞೆ ಮಿರಾಂಡ ಫ್ರಿಕರ್ 2007ರ ತನ್ನ 'ಎಪಿಸ್ಟೆಮಿಕ್ ಇನ್‌ಜಸ್ಟಿಸ್' ಎಂಬ ಪುಸ್ತಕದಲ್ಲಿ ಇದಕ್ಕೆ ಒಂದು ಹೆಸರು ಕೊಟ್ಟಿದ್ದಾಳೆ. ಕನ್ನಡದಲ್ಲಿ ಸಾಕ್ಷ್ಯದ ಅನ್ಯಾಯ ಎನ್ನಬಹುದು. ಹೇಳುವವರು ಯಾರು ಎಂಬುದರ ಮೇಲೆ ನಮಗಿರುವ ಪೂರ್ವಗ್ರಹದಿಂದ ಅವರ ಮಾತಿಗೆ ಸಲ್ಲಬೇಕಾದ ನಂಬಿಕೆಯನ್ನು ಕಡಿತ ಮಾಡುವುದು. ಇದರಿಂದ ವ್ಯಕ್ತಿಗೆ ಆಗುವ ಹಾನಿ, ತಿಳಿದವಳೆಂಬ ಅವಳ ಸ್ಥಾನಕ್ಕೇ ಆಗುವ ಹಾನಿ ಎನ್ನುವುದು ಅವಳ ವಾದ. ಎರಡನೆಯ ರಾತ್ರಿ ತಂಗಿ ಸುಮ್ಮನಾದದ್ದನ್ನು ನೆನೆದರೆ ಆ ವಾದ ನನಗೆ ಅರ್ಥವಾಗುತ್ತದೆ.

ಆದರೆ ಇಷ್ಟಕ್ಕೇ ನಿಲ್ಲಿಸಿದರೆ ಅದು ಸುಲಭದ ಪಶ್ಚಾತ್ತಾಪವಾಗುತ್ತದೆ. ಎದುರು ಪಕ್ಷಕ್ಕೂ ಒಂದು ವಾದವಿದೆ, ಅದು ದುರ್ಬಲವಾದದ್ದೂ ಅಲ್ಲ.

ಚಿಕ್ಕ ವಯಸ್ಸಿನವರ ಎದೆನೋವಿಗೆ ಹೆಚ್ಚಿನ ಸಲ ಕಾರಣ ಹೃದಯವಲ್ಲ. ಆ ಡ್ಯೂಟಿ ಡಾಕ್ಟರು ದಿನಕ್ಕೆ ಎಷ್ಟೋ ಜನರನ್ನು ನೋಡಬೇಕು. ಎದೆ ಎಂದವರಿಗೆಲ್ಲ ಎಕೋ ಬರೆಯಲು ಯಂತ್ರವೂ ಇಲ್ಲ, ರೋಗಿಗಳ ಕೈಯಲ್ಲಿ ದುಡ್ಡೂ ಇಲ್ಲ. ಅಲ್ಲದೆ ರೋಗಿಯ ಮಾತು ತಪ್ಪುವುದಿಲ್ಲವೇ? ಹೊಟ್ಟೆಯುರಿಯನ್ನು ಹೃದಯಾಘಾತ ಎಂದುಕೊಂಡು ಓಡಿಬರುವವರಿದ್ದಾರೆ. ಹೃದಯಾಘಾತವನ್ನು ಹೊಟ್ಟೆಯುರಿ ಎಂದುಕೊಂಡು ಮನೆಯಲ್ಲೇ ಉಳಿದವರೂ ಇದ್ದಾರೆ. ಹೇಳಿದ್ದನ್ನೆಲ್ಲ ನಂಬು ಎನ್ನುವುದು ವೈದ್ಯಕ್ಕೂ ಸಲ್ಲದು, ತರ್ಕಕ್ಕೂ ಸಲ್ಲದು.

ಇಲ್ಲಿ ಹಳೆಯ ಒಂದು ಜಗಳ ನನಗೆ ಸಹಾಯಕ್ಕೆ ಬಂತು. ಬೌದ್ಧ ತಾರ್ಕಿಕರು ಮತ್ತು ವೈಶೇಷಿಕರು ಶಬ್ದವನ್ನು ಬೇರೆಯೇ ಪ್ರಮಾಣ ಎಂದು ಒಪ್ಪುವುದಿಲ್ಲ. ಮಾತು ಕೂಡ ಒಂದು ಚಿಹ್ನೆ. ಹೊಗೆಯಿಂದ ಬೆಂಕಿಯನ್ನು ಊಹಿಸುವಂತೆ ಮಾತಿನಿಂದ ವಿಷಯವನ್ನು ಊಹಿಸುತ್ತೇವೆ, ಹಾಗಾಗಿ ಅದು ಅನುಮಾನದ ಒಂದು ಬಗೆ ಎನ್ನುತ್ತಾರೆ. ಇಂದಿನ ಆಸ್ಪತ್ರೆಯ ರೀತಿ ಹೆಚ್ಚುಕಡಿಮೆ ಇದೇ. ರೋಗಿ ಹೇಳಿದ್ದು ಲಕ್ಷಣ, ಸ್ಕ್ಯಾನು ತೋರಿಸಿದ್ದು ಸತ್ಯ. ಆದರೆ ಹೊಗೆಗೂ ಮಾತಿಗೂ ಒಂದು ವ್ಯತ್ಯಾಸವಿದೆ. ಹೊಗೆಗೆ ಬೆಂಕಿಯ ವಿಷಯ ಗೊತ್ತಿಲ್ಲ. ಮಾತಾಡುವವಳಿಗೆ ತಾನು ಹೇಳುತ್ತಿರುವುದು ಗೊತ್ತಿದೆ. ಹೊಗೆಯನ್ನು ಕಡೆಗಣಿಸಿದರೆ ಮನೆ ಸುಡಬಹುದು, ಹೊಗೆಗೆ ಅವಮಾನವಾಗುವುದಿಲ್ಲ.

ಚರಕಸಂಹಿತೆಯ ವಿಮಾನಸ್ಥಾನದಲ್ಲಿ ರೋಗಪರೀಕ್ಷೆಯ ಬಗೆಗೆ ಒಂದು ಅಧ್ಯಾಯವಿದೆ. ಅಲ್ಲಿ ವೈದ್ಯ ತನ್ನ ಕಣ್ಣು, ಕಿವಿ, ಮೂಗು, ಸ್ಪರ್ಶ ಎಲ್ಲವನ್ನೂ ಬಳಸಿ ರೋಗಿಯ ದೇಹವನ್ನು ಪರೀಕ್ಷಿಸಬೇಕು ಎಂದಿದೆ. ಒಂದು ಇಂದ್ರಿಯವನ್ನು ಮಾತ್ರ ಹೊರಗಿಟ್ಟಿದೆ: ನಾಲಿಗೆ. ರೋಗಿಯ ಬಾಯಿಯ ರುಚಿ ಏನೆಂದು ವೈದ್ಯ ರುಚಿ ನೋಡಿ ತಿಳಿಯಲಾಗದು. ರೋಗಿಯನ್ನು ಕೇಳಿಯೇ ತಿಳಿಯಬೇಕು. ಈ ಸಣ್ಣ ಮಾತು ನನ್ನನ್ನು ತುಂಬ ಹಿಡಿದು ನಿಲ್ಲಿಸಿತು. ಎಷ್ಟೇ ಉಪಕರಣ ಬಂದರೂ ಬಾಯಿಯ ರುಚಿಯಂಥ ಸಂಗತಿಗಳು ಉಳಿದೇ ಉಳಿಯುತ್ತವೆ. ನೋವು ಅಂಥದ್ದು. ಎಕೋ ಹೃದಯದ ಸುತ್ತಲಿನ ನೀರನ್ನು ಅಳೆದು ತೋರಿಸುತ್ತದೆ. ಮಲಗಿದರೆ ಚುಚ್ಚುತ್ತದೆ ಎನ್ನುವುದನ್ನು ತೋರಿಸುವುದಿಲ್ಲ. ಆ ಡಾಕ್ಟರಮ್ಮ ಎಕೋ ಬರೆದದ್ದೇ ತಂಗಿಯ ಉತ್ತರವನ್ನು ಕೇಳಿದ ಮೇಲೆ. ನಮ್ಮ ವಿಷಯದಲ್ಲಿ ಯಂತ್ರಕ್ಕೆ ದಾರಿ ತೋರಿಸಿದ್ದು ಮಾತು.

ಹಾಗಾದರೆ ಎಲ್ಲವನ್ನೂ ನಂಬಬೇಕೆ? ತಂಗಿಯ ಮಾತನ್ನು ಮತ್ತೆ ಮತ್ತೆ ನೆನಪಿಸಿಕೊಂಡಾಗ ನನಗೆ ಒಂದು ವಿಷಯ ಹೊಳೆಯಿತು. ಅವಳು 'ನನಗೆ ಹೃದಯದ ಕಾಯಿಲೆ' ಎಂದು ಹೇಳಲೇ ಇಲ್ಲ. ಅವಳು ಹೇಳಿದ್ದು ಮೂರು ಸಂಗತಿ: ಮಲಗಿದರೆ ಚುಚ್ಚುತ್ತದೆ, ಉಸಿರೆಳೆದರೆ ಚುಚ್ಚುತ್ತದೆ, ಬಾಗಿದರೆ ವಾಸಿ. ಏನಾಗುತ್ತಿದೆ ಎಂಬುದನ್ನು ಹೇಳಿದಳು. ಯಾಕೆ ಆಗುತ್ತಿದೆ ಎಂಬುದನ್ನು ಖಾಲಿ ಬಿಟ್ಟಳು. ಮೊದಲನೆಯದರಲ್ಲಿ ಅವಳು ಆಪ್ತಳು, ಎರಡನೆಯದರಲ್ಲಿ ಅಲ್ಲ, ಮತ್ತು ಆ ಎಲ್ಲೆಯನ್ನು ಅವಳು ದಾಟಲಿಲ್ಲ. ದಾಟಿದವಳು ನಾನು. ನನಗೆ ಏನೇನೂ ತಿಳಿಯದ ಕಾರಣವನ್ನು ನಾನು ಹೇಳಿದೆ, ಅದರ ಬಲದಿಂದ ಅವಳಿಗೆ ಚೆನ್ನಾಗಿ ತಿಳಿದಿದ್ದ ಸಂಗತಿಯನ್ನು ಅಳಿಸಿದೆ. 'ಗ್ಯಾಸ್' ಎಂಬ ಪದ ಆ ರಾತ್ರಿ ಮಾಡಿದ ಕೆಲಸ ಅದು.

ವಾತ್ಸ್ಯಾಯನನದೇ ಇನ್ನೊಂದು ಮಾತಿದೆ. ಪೂರ್ತಿ ತಿಳಿಯದ ವಿಷಯದಲ್ಲಾಗಲಿ, ಆಗಲೇ ತೀರ್ಮಾನವಾದ ವಿಷಯದಲ್ಲಾಗಲಿ ತರ್ಕ ಹೊರಡುವುದಿಲ್ಲ, ಸಂಶಯವಿರುವಲ್ಲಿ ಹೊರಡುತ್ತದೆ. ನಾನು ಇಷ್ಟು ದಿನ ನಂಬಿಕೆ ಮತ್ತು ಸಂಶಯ ಒಂದಕ್ಕೊಂದು ವಿರುದ್ಧ ಎಂದುಕೊಂಡಿದ್ದೆ. ರೋಗಿಯ ವಿಷಯದಲ್ಲಿ ಹಾಗಲ್ಲ ಎನಿಸುತ್ತದೆ. ಅವಳ ನೋವನ್ನು ನಂಬಿದರೇನೇ ಅದರ ಕಾರಣದ ಬಗ್ಗೆ ಸಂಶಯ ಹುಟ್ಟುವುದು. ಯಾಕಿರಬಹುದು, ಏನು ನೋಡಬೇಕು ಎಂಬ ಪ್ರಶ್ನೆಗಳು ಏಳುವುದು. ನಂಬದಿದ್ದರೆ ಕೇಳುವುದಕ್ಕೆ ಏನೂ ಇರುವುದಿಲ್ಲ. ಹಾಗಾಗಿ ನಾನು ತಂಗಿಗೆ ಕೊಡಬೇಕಾಗಿದ್ದದ್ದು ಒಪ್ಪಿಗೆಯಲ್ಲ, ಇನ್ನೊಂದು ಪ್ರಶ್ನೆ. ಆ ಡ್ಯೂಟಿ ಡಾಕ್ಟರಿಂದಲೂ ನಾವು ಕೇಳಬಹುದಾಗಿದ್ದದ್ದು ಎಕೋ ಅಲ್ಲ, ಅರ್ಧ ನಿಮಿಷದ ಒಂದು ಪ್ರಶ್ನೆ. ಅದಕ್ಕೆ ಯಂತ್ರ ಬೇಡ, ದುಡ್ಡೂ ಬೇಡ.

ಇಷ್ಟು ಬರೆದು ಮುಗಿಸಿದ್ದರೆ ನನಗೂ ಹಿತವಾಗಿರುತ್ತಿತ್ತು. ಆದರೆ ಕಾಯಿಲೆ ಇನ್ನೊಂದು ತಿರುವು ತೋರಿಸಿತು.

1950ರ ದಶಕದಲ್ಲಿ ಲೂಪಸ್ ಪತ್ತೆಯಾದವರಲ್ಲಿ ನಾಲ್ಕೈದು ವರ್ಷ ಬದುಕುತ್ತಿದ್ದವರು ಹೆಚ್ಚುಕಡಿಮೆ ಅರ್ಧದಷ್ಟು ಜನ. ಈಗ ಒಳ್ಳೆಯ ಚಿಕಿತ್ಸೆ ಸಿಕ್ಕರೆ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿ ಐದು ವರ್ಷವನ್ನು ದಾಟುತ್ತಾರೆ, ಎಷ್ಟೋ ಜನ ದಶಕಗಳ ಕಾಲ ಬದುಕುತ್ತಾರೆ. ಹೀಗೆ ಬದುಕು ಉದ್ದವಾದಾಗ ಹೊಸದೊಂದು ಸಂಗತಿ ಕಾಣಿಸಿತು. ಟೊರಾಂಟೊದ ಮರ್ರೆ ಯುರೋವಿಟ್ಜ್ ಮತ್ತು ಸಂಗಡಿಗರು 1976ರಲ್ಲಿ ಬರೆದ ಪ್ರಕಾರ ಲೂಪಸ್ ರೋಗಿಗಳ ಸಾವಿಗೆ ಎರಡು ಕಾಲ. ಮೊದಲ ವರ್ಷಗಳಲ್ಲಿ ರೋಗದ ಉಗ್ರತೆಯಿಂದ ಮತ್ತು ಸೋಂಕಿನಿಂದ. ಎಷ್ಟೋ ವರ್ಷದ ಮೇಲೆ, ರೋಗ ತಣ್ಣಗಿರುವಾಗ, ಹೃದಯಾಘಾತದಿಂದ. 1997ರಲ್ಲಿ ಪಿಟ್ಸ್‌ಬರ್ಗಿನ ಸೂಸನ್ ಮಾಂಜಿ ಮತ್ತು ಸಂಗಡಿಗರು 35ರಿಂದ 44 ವರ್ಷದ ಲೂಪಸ್ ಇರುವ ಹೆಂಗಸರನ್ನು ಅದೇ ವಯಸ್ಸಿನ ಇತರ ಹೆಂಗಸರೊಂದಿಗೆ ಹೋಲಿಸಿದಾಗ ಹೃದಯಾಘಾತದ ಸಾಧ್ಯತೆ 50 ಪಟ್ಟಿಗೂ ಹೆಚ್ಚಿತ್ತು. ಆ ವಯಸ್ಸಿನಲ್ಲಿ ಹೃದಯಾಘಾತವೇ ತೀರ ಅಪರೂಪವಾದ್ದರಿಂದ ಈ ಪಟ್ಟು ದೊಡ್ಡದಾಗಿ ಕಾಣುತ್ತದೆ, ನಿಜ. ಆದರೂ ಸಣ್ಣ ಮಾತಲ್ಲ. ವರ್ಷಗಟ್ಟಲೆ ಒಳಗೊಳಗೇ ಉರಿಯುವ ಉರಿಯೂತ ರಕ್ತನಾಳಗಳನ್ನು ಅಕಾಲದಲ್ಲಿ ಮುದಿಯಾಗಿಸುತ್ತದೆ. ಜೀವ ಉಳಿಸುವ ಸ್ಟೀರಾಯ್ಡ್ ಕೂಡ ಹೆಚ್ಚು ಕಾಲ, ಹೆಚ್ಚು ಪ್ರಮಾಣದಲ್ಲಿ ತೆಗೆದುಕೊಂಡರೆ ಬಿ.ಪಿ., ಸಕ್ಕರೆ, ಕೊಬ್ಬುಗಳನ್ನು ಏರಿಸಿ ಅದೇ ಕಡೆಗೆ ತಳ್ಳುತ್ತದೆ.

ಈ ಹಾನಿ ಚುಚ್ಚುವುದಿಲ್ಲ. ಮಲಗಿದರೂ ಇಲ್ಲ, ಕೂತರೂ ಇಲ್ಲ. ಇಲ್ಲಿ ರೋಗಿಗೆ ಏನೂ ಗೊತ್ತಾಗುವುದಿಲ್ಲ, ಅವಳು ವೈದ್ಯರ ಮಾತನ್ನು ನಂಬಬೇಕು. ಏನೂ ಆಗುತ್ತಿಲ್ಲ ಎಂದು ತನ್ನ ದೇಹವೇ ಹೇಳುವಾಗ ಪ್ರತಿದಿನ ಹೈಡ್ರಾಕ್ಸಿಕ್ಲೋರೊಕ್ವಿನ್ ಮಾತ್ರೆ ನುಂಗಬೇಕು, ಬಿ.ಪಿ. ನೋಡಿಸಬೇಕು, ವರ್ಷ ಕಳೆದಂತೆ ಕಣ್ಣಿನ ಪರೀಕ್ಷೆಯನ್ನೂ ಮಾಡಿಸಬೇಕು.

ಆರು ತಿಂಗಳ ಮೇಲೆ ಒಂದು ದಿನ ಅವಳ ಕಪಾಟಿನಲ್ಲಿ ಒಡೆಯದ ಮಾತ್ರೆಯ ಪಟ್ಟಿಗಳು ಸಿಕ್ಕವು. ಎರಡು ತಿಂಗಳಿಂದ ನಿಲ್ಲಿಸಿದ್ದಳು. ನಾನು ರೇಗಿದೆ. ಡಾಕ್ಟರು ಅಷ್ಟು ಹೇಳಿದ್ದಾರೆ, ನಾನು ಅಷ್ಟು ಹೇಳಿದ್ದೇನೆ ಎಂದೆಲ್ಲ ಕೂಗಾಡಿದೆ. ಅವಳು ಕೂಗಾಡಲಿಲ್ಲ.

"ನನಗೆ ಆಗ್ತಿದೆ ಅಂದಾಗ ನೀವೆಲ್ಲ ಏನೂ ಇಲ್ಲ ಅಂದ್ರಿ. ಈಗ ಏನೂ ಆಗ್ತಿಲ್ಲ ಅಂದ್ರೆ ಆಗ್ತಿದೆ ಅಂತೀರ. ಯಾವಾಗ್ಲೂ ನೀವು ಹೇಳಿದ್ದೇ ಸರಿ ಅಲ್ವಾ ಅಕ್ಕ?"

ಇದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ. ಶಬ್ದಪ್ರಮಾಣದ ಬಗ್ಗೆ ಬರೆಯುವವರು ಹೆಚ್ಚಾಗಿ ಹೇಳುವವನು ಒಬ್ಬ, ಕೇಳುವವನು ಒಬ್ಬ ಎಂದು ಇಟ್ಟುಕೊಂಡು ಶುರು ಮಾಡುತ್ತೇವೆ. ಕೋಣೆಗಳಲ್ಲಿ, ಆಸ್ಪತ್ರೆಗಳಲ್ಲಿ ಅದೇ ಇಬ್ಬರು ಸ್ಥಾನ ಬದಲಿಸುತ್ತಿರುತ್ತಾರೆ. ಇವತ್ತು ಕೇಳದವರು ನಾಳೆ ಹೇಳಬೇಕಾಗುತ್ತದೆ. ಅವಳ ಮಾತನ್ನು ತಳ್ಳಿದ ರಾತ್ರಿ ನಾನು ಕಳೆದದ್ದು ರೋಗ ಪತ್ತೆಯಾಗಬಹುದಾಗಿದ್ದ ಕೆಲವು ದಿನಗಳನ್ನು ಮಾತ್ರವಲ್ಲ. ಮುಂದೆ ನನ್ನ ಮಾತಿಗೆ ಸಿಗಬೇಕಾಗಿದ್ದ ಬೆಲೆಯನ್ನೂ ಕಳೆದಿದ್ದೆ. ಮಾತ್ರೆಯ ವಿಷಯದಲ್ಲಿ ಅವಳದು ತಪ್ಪು ತೀರ್ಮಾನ, ಅಪಾಯದ ತೀರ್ಮಾನ. ಆದರೆ ಆ ತೀರ್ಮಾನಕ್ಕೆ ನಾನೂ ಬಂಡವಾಳ ಹಾಕಿದ್ದೆ.

ಅಷ್ಟೇ ಅಲ್ಲ, ಆ ಹೊತ್ತಿಗೆ ನಾನು ಅವಳಿಂದ ಒಂದು ವಿಷಯ ಮುಚ್ಚಿಟ್ಟಿದ್ದೆ. ಅವಳ ರಕ್ತದಲ್ಲಿ ಆ್ಯಂಟಿ-ರೋ ಎಂಬ ಪ್ರತಿಕಾಯ ಇತ್ತು. ಅದಿರುವ ತಾಯಿ ಗರ್ಭಿಣಿಯಾದರೆ, ಆ ಪ್ರತಿಕಾಯ ಮಗುವನ್ನು ಸೇರಿ, ನಾಲ್ಕೈದನೆಯ ತಿಂಗಳ ಹೊತ್ತಿಗೆ ಅದರ ಹೃದಯದ ವಿದ್ಯುತ್ ಹಾದಿಯನ್ನು ಕೆಡಿಸಬಹುದು. ಮಗುವಿನ ನಾಡಿ ತೀರ ನಿಧಾನವಾಗುತ್ತದೆ; ಹುಟ್ಟಿದ ಮೇಲೆ ಪೇಸ್‌ಮೇಕರ್ ಬೇಕಾಗಬಹುದು. ಅಂಥ ತಾಯಂದಿರಲ್ಲಿ ನೂರಕ್ಕೆ ಸುಮಾರು ಇಬ್ಬರ ಮಗುವಿಗೆ ಹೀಗಾಗುತ್ತದೆ. ತಂಗಿ ರಕ್ತ ಕೊಡಲು ಹೋಗಿದ್ದಾಗ ಡಾಕ್ಟರು ಇದನ್ನು ಚಿಕ್ಕಮ್ಮನಿಗೂ ನನಗೂ ವಿವರಿಸಿ, ಅವಳಿಗೂ ತಿಳಿಸಿ ಎಂದಿದ್ದರು. ಹೊರಗೆ ಬಂದ ಕೂಡಲೆ ಚಿಕ್ಕಮ್ಮ ನನ್ನ ಕೈ ಹಿಡಿದು, "ಅವಳಿಗೆ ಹೇಳ್ಬೇಡ ಕಣಮ್ಮ. ಎದೆ ಒಡ್ಕೊಂಡ್ಬಿಡ್ತಾಳೆ. ಮದುವೆ ಆಗ್ಬೇಕಾದ ಹುಡುಗಿ" ಎಂದಿದ್ದರು. ನಾನು ತಲೆಯಾಡಿಸಿದ್ದೆ.

ಅಮೆರಿಕದ ಕತೆಗಾರ್ತಿ ಫ್ಲಾನರಿ ಓ'ಕಾನರ್ ಬದುಕು ಆಗ ನನಗೆ ನೆನಪಾಯಿತು. ಅವಳ ತಂದೆ 1941ರಲ್ಲಿ ಲೂಪಸ್‌ನಿಂದ ತೀರಿಕೊಂಡಿದ್ದರು. 1950ರ ಡಿಸೆಂಬರಿನಲ್ಲಿ, 25ನೆಯ ವಯಸ್ಸಿನಲ್ಲಿ, ಅವಳೂ ಹಾಸಿಗೆ ಹಿಡಿದಳು. ಅದೇ ಕಾಯಿಲೆ ಎಂದು ತಾಯಿಗೆ ತಿಳಿಯಿತು, ಮಗಳಿಗೆ ತಿಳಿಸಲಿಲ್ಲ. ಸಂಧಿವಾತ ಎಂದು ನಂಬಿಕೊಂಡೇ ಅವಳು ಒಂದು ವರ್ಷಕ್ಕೂ ಹೆಚ್ಚು ಕಾಲ ಕಳೆದಳು. 1952ರ ಬೇಸಿಗೆಯಲ್ಲಿ ಗೆಳತಿ ಸ್ಯಾಲಿ ಫಿಟ್ಜ್‌ಜೆರಾಲ್ಡ್ ನಿಜ ಹೇಳಿದಳು. ಆಮೇಲೆ ಓ'ಕಾನರ್ ಇನ್ನೂ ಹನ್ನೆರಡು ವರ್ಷ ಬದುಕಿದಳು. ಜಾರ್ಜಿಯಾದ ತಾಯಿಯ ತೋಟದಲ್ಲಿ ನವಿಲು ಸಾಕಿಕೊಂಡು, ಊರುಗೋಲು ಹಿಡಿದು ನಡೆಯುತ್ತ, ಬೆಳಗಿನ ಹೊತ್ತು ಬರೆಯುತ್ತ ತನ್ನ ಬಹುಪಾಲು ಕೃತಿಗಳನ್ನು ಮುಗಿಸಿ, 1964ರಲ್ಲಿ 39ನೆಯ ವಯಸ್ಸಿನಲ್ಲಿ ತೀರಿಕೊಂಡಳು. ಗಂಡನನ್ನು ಅದೇ ಕಾಯಿಲೆಗೆ ಕಳೆದುಕೊಂಡಿದ್ದ ಆ ತಾಯಿಯ ಭಯ ನನಗೆ ಅರ್ಥವಾಗುತ್ತದೆ. ಚಿಕ್ಕಮ್ಮನ ಭಯವೂ ಅರ್ಥವಾಗುತ್ತದೆ. ಆದರೆ ಮುಚ್ಚಿಡುವುದೂ ನಂಬದಿರುವ ಇನ್ನೊಂದು ಬಗೆಯೇ. ನೀನು ಹೇಳುವುದನ್ನು ನಂಬುವುದಿಲ್ಲ ಎನ್ನುವುದು ಒಂದಾದರೆ, ನಿನಗೆ ಹೇಳಿದರೆ ನೀನು ತಾಳಿಕೊಳ್ಳುತ್ತೀಯ ಎಂದು ನಂಬುವುದಿಲ್ಲ ಎನ್ನುವುದು ಎರಡನೆಯದು.

ಮಾತ್ರೆಯ ಜಗಳದ ಮರುದಿನ ಅವಳಿಗೆ ಹೇಳಿದೆ. ಮೊದಲು ಆ ರಾತ್ರಿಯ ವಿಷಯ: ಗ್ಯಾಸ್ ಎಂದದ್ದು ನನ್ನ ತಪ್ಪು, ನಿನಗೆ ಗೊತ್ತಿದ್ದದ್ದನ್ನು ನನಗೆ ಗೊತ್ತಿದೆ ಎಂದುಕೊಂಡೆ ಎಂದೆ. ಆಮೇಲೆ ಆ್ಯಂಟಿ-ರೋ ವಿಷಯ. ಅವಳು ಎದೆ ಒಡೆದುಕೊಳ್ಳಲಿಲ್ಲ. ಬಹಳ ಹೊತ್ತು ಸುಮ್ಮನಿದ್ದು, "ನೂರಕ್ಕೆ ಎರಡು ಅಂದ್ರೆ ತೊಂಬತ್ತೆಂಟು ಆಗಲ್ಲ ಅಂತ ತಾನೆ?" ಎಂದಳು. ಹೌದು, ಆದರೆ ಒಂದು ಮಗುವಿಗೆ ಹಾಗಾಗಿದ್ದರೆ ಮುಂದಿನದಕ್ಕೆ ಸಾಧ್ಯತೆ ಜಾಸ್ತಿ, ಗರ್ಭಿಣಿಯಾದಾಗ ಮಗುವಿನ ಹೃದಯವನ್ನು ಆಗಾಗ ನೋಡುತ್ತಿರಬೇಕು ಎಂದೆ. ಹೈಡ್ರಾಕ್ಸಿಕ್ಲೋರೊಕ್ವಿನ್ ತೆಗೆದುಕೊಳ್ಳುತ್ತಿದ್ದರೆ ಮತ್ತೆ ಹಾಗಾಗುವುದು ಕಡಿಮೆ ಎಂದು 2020ರಲ್ಲಿ ಪ್ರಕಟವಾದ ಒಂದು ಅಧ್ಯಯನ ಹೇಳಿದೆ ಎಂಬುದನ್ನೂ ಸೇರಿಸಿದೆ. "ಓ, ಅದೇ ಮಾತ್ರೆನಾ?" ಎಂದಳು. ಅಂದಿನಿಂದ ಬಿಟ್ಟಿಲ್ಲ ಎಂದು ಹೇಳುತ್ತಾಳೆ. ನಾನು ಕಪಾಟು ತೆಗೆದು ನೋಡುವುದಿಲ್ಲ. ಚಿಕ್ಕಮ್ಮ ಮೂರು ವಾರ ನನ್ನೊಂದಿಗೆ ಮಾತು ಬಿಟ್ಟಿದ್ದರು.

ಆಡುಗನ್ನಡದಲ್ಲಿ ಆಪ್ತರು ಎಂದರೆ ಹತ್ತಿರದವರು. ಶಾಸ್ತ್ರದ ಸಂಸ್ಕೃತದಲ್ಲಿ ಮಾತು ನಂಬಬಹುದಾದವರು. ಇವೆರಡೂ ಒಂದೇ ಎಂದು ನಾವು ಅಂದುಕೊಳ್ಳುತ್ತೇವೆ. ನನ್ನ ಅನುಭವದಲ್ಲಿ ಒಬ್ಬರು ಹತ್ತಿರವಾದಷ್ಟೂ ಅವರ ಮಾತನ್ನು ಕೇಳುವುದು ಕಷ್ಟವಾಗುತ್ತದೆ, ಏಕೆಂದರೆ ಅವರ ಬಗ್ಗೆ ನಮಗೆ ಮೊದಲೇ ಎಲ್ಲ ಗೊತ್ತಿರುತ್ತದೆ. ಬೋಂಡ ತಿಂದದ್ದು ಗೊತ್ತಿರುತ್ತದೆ, ಪರೀಕ್ಷೆ ಇರುವುದು ಗೊತ್ತಿರುತ್ತದೆ. ಹೊರಗಿನವರಾದ ಆ ಡಾಕ್ಟರಮ್ಮನಿಗೆ ಇದೇನೂ ಗೊತ್ತಿರಲಿಲ್ಲ. ಅದಕ್ಕೇ ಕೇಳಿದರು.

ಕಳೆದ ತಿಂಗಳು ತಂಗಿ ಬೆಂಗಳೂರಿನಿಂದ ಬಂದಿದ್ದಳು. ಈಗ ಅಲ್ಲಿ ಕೆಲಸದಲ್ಲಿದ್ದಾಳೆ. ರಾತ್ರಿ ಹನ್ನೊಂದಕ್ಕೆ, "ಅಕ್ಕ, ಎಡಗಡೆ ಸ್ವಲ್ಪ ಹಿಡಿದ ಹಾಗಿದೆ" ಎಂದಳು. ನಾನು ಎದ್ದು ಕುಳಿತೆ. ಮಲಗಿದಾಗಲೋ ಕೂತಾಗಲೋ, ಉಸಿರೆಳೆದರೆ ಹೇಗೆ, ಯಾವಾಗಿನಿಂದ ಎಂದು ಕೇಳಿದೆ. ಅವಳು ಒಂದೊಂದಕ್ಕೂ ಯೋಚಿಸಿ ಉತ್ತರ ಹೇಳಿದಳು. ಖಚಿತವಾಗಲಿಲ್ಲ. ಆಟೋ ಮಾಡಿಕೊಂಡು ಹೋದೆವು. ಇಸಿಜಿ, ಎಕೋ, ರಕ್ತಪರೀಕ್ಷೆ ಎಲ್ಲ ಆಗಿ ಬೆಳಗಿನ ಜಾವ ಮೂರಕ್ಕೆ ಹೃದಯದ ಸುತ್ತ ಏನೂ ಇಲ್ಲ, ಆ್ಯಸಿಡಿಟಿ ಇರಬಹುದು ಎಂದರು.

ವಾಪಸು ಬರುವಾಗ ಅವಳು ನಗುತ್ತಿದ್ದಳು. "ಈ ಸಲ ಗ್ಯಾಸೇ ಅಕ್ಕ. ಮೂರು ಸಾವಿರ ದಂಡ."

ಕೋಣೆಗೆ ಬಂದು ಓಮದ ನೀರು ಕಾಯಿಸಿದೆ. ಇಬ್ಬರೂ ಕುಡಿದು ಮಲಗಿದೆವು.